ಆಫೀಸ್ ಕೆಲಸದ ಇಂಟರ್‌ವ್ಯೂ: ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ

ಸ್ಕಿಲ್ಡ್ ವರ್ಕರ್ ವೀಸಾ ಸಿಕ್ಕ ಗಂಡ ಅಥವಾ ಹೆಂಡತಿಯ ಜೊತೆ ಬಂದವರು ನಮ್ಮ ಕನ್ನಡ ಸಂಘದಲ್ಲಿ ಪದೇ ಪದೇ ಕೇಳುವ ಪ್ರಶ್ನೆ ಇದು: "ನನ್ನದು ಡಿಪೆಂಡೆಂಟ್ ವೀಸಾ, ಕೆಲಸ ಮಾಡಬಹುದಾ?" ಮಾಡಬಹುದು. ವೃತ್ತಿಪರ ಕ್ರೀಡಾಪಟು ಅಥವಾ ಕೋಚ್ ಆಗುವುದೊಂದನ್ನು ಬಿಟ್ಟರೆ ಹೆಚ್ಚುಕಮ್ಮಿ ಎಲ್ಲ ಕೆಲಸಕ್ಕೂ ಅವಕಾಶ ಇದೆ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ತೆರಿಗೆ, ಸಾಮಾಜಿಕ ವಿಮೆಯ ಲೆಕ್ಕಕ್ಕೆ ಸರ್ಕಾರ ಕೊಡುವ ಸಂಖ್ಯೆ) ಇನ್ನೂ ಬಂದಿಲ್ಲ ಎಂದು ಕಾಯಬೇಕಾಗಿಯೂ ಇಲ್ಲ. ಕೆಲಸ ಮಾಡುವ ಹಕ್ಕು ತೋರಿಸಿದರೆ ಸಾಕು, ನಂಬರ್ ಆಮೇಲೆ ಬಂದರೂ ನಡೆಯುತ್ತದೆ.

ಊರಲ್ಲಿ ಬ್ಯಾಂಕು, ಕಾಲೇಜು, ಕಂಪನಿ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಇಲ್ಲಿ ಆಸ್ಪತ್ರೆ, ಕೌನ್ಸಿಲ್ (ಸ್ಥಳೀಯ ಆಡಳಿತ), ಯೂನಿವರ್ಸಿಟಿ, ಶಾಲೆಗಳ ಅಡ್ಮಿನ್ ಹುದ್ದೆ ಒಳ್ಳೆಯ ಶುರು. ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ 'ಎನ್‌ಎಚ್‌ಎಸ್ ಜಾಬ್ಸ್' ವೆಬ್‌ಸೈಟಿನಲ್ಲಿ ಬ್ಯಾಂಡ್ 2, ಬ್ಯಾಂಡ್ 3 (ಬ್ಯಾಂಡ್ ಎಂದರೆ ಸಂಬಳದ ದರ್ಜೆ) ಎಂದು ಹುಡುಕಿ. ಅರ್ಜಿ ಜಾಸ್ತಿ ಬಂದರೆ ಕೊನೇ ದಿನಕ್ಕೆ ಮುಂಚೆಯೇ ಮುಚ್ಚಿಬಿಡುತ್ತಾರೆ, ಅದಕ್ಕೇ ತಡ ಮಾಡಬೇಡಿ. ಸಿವಿಲ್ ಸರ್ವಿಸ್ (ಸರ್ಕಾರಿ ಇಲಾಖೆಗಳ ಕೆಲಸ) ಎಂದರೆ ಇಲ್ಲಿನ ನಾಗರಿಕರಿಗೆ ಮಾತ್ರ ಎಂದು ನಮ್ಮಲ್ಲಿ ಅನೇಕರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಕೆಲಸ ಮಾಡುವ ಹಕ್ಕಿರುವ ಕಾಮನ್‌ವೆಲ್ತ್ ದೇಶದವರಿಗೂ ಅಲ್ಲಿನ ಬಹಳಷ್ಟು ಹುದ್ದೆಗಳು ತೆರೆದಿವೆ, ಭಾರತೀಯರೂ ಅದರಲ್ಲಿ ಸೇರುತ್ತಾರೆ.

ಪ್ರಶ್ನೆಪತ್ರಿಕೆ ನಿಮ್ಮ ಕೈಯಲ್ಲೇ ಇರುತ್ತದೆ

ಜಾಹೀರಾತಿನ ಜೊತೆ 'ಪರ್ಸನ್ ಸ್ಪೆಸಿಫಿಕೇಶನ್' ಎಂಬ ಪಟ್ಟಿ ಇರುತ್ತದೆ. ಯಾವ ಅರ್ಹತೆ ಇರಲೇಬೇಕು, ಯಾವುದು ಇದ್ದರೆ ಒಳ್ಳೆಯದು ಎಂದು ಅದರಲ್ಲಿ ಬೇರೆ ಬೇರೆ ಬರೆದಿರುತ್ತಾರೆ. ಇಂಟರ್‌ವ್ಯೂ ಪ್ರಶ್ನೆಗಳು ಹುಟ್ಟುವುದೇ ಅಲ್ಲಿಂದ. ಪಟ್ಟಿಯನ್ನು ಪ್ರಿಂಟ್ ತೆಗೆದು, ಒಂದೊಂದು ಸಾಲಿನ ಎದುರಿಗೂ ನೀವು ನಿಜವಾಗಿ ಮಾಡಿದ ಒಂದು ಕೆಲಸ ಬರೆದಿಡಿ. ಇಲ್ಲಿಯ ಅನುಭವವೇ ಆಗಬೇಕು ಅಂತಿಲ್ಲ. ಹುಬ್ಬಳ್ಳಿಯದಾದರೂ ಸರಿ, ಶಿವಮೊಗ್ಗದ್ದಾದರೂ ಸರಿ.

ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ಎರಡು ಮೂರು ಜನ ಇರುತ್ತಾರೆ. ಬಂದವರಿಗೆಲ್ಲ ಅದೇ ಪ್ರಶ್ನೆ ಕೇಳಿ, ಉತ್ತರ ಬರೆದುಕೊಂಡು ಅಂಕ ಹಾಕುತ್ತಾರೆ. ತಲೆ ಬಗ್ಗಿಸಿ ಬರೆಯುತ್ತಿದ್ದರೆ ನಿಮ್ಮ ಮಾತು ಹಿಡಿಸಲಿಲ್ಲ ಎಂದುಕೊಳ್ಳಬೇಡಿ. ಆದರೆ ಒಂದು ನೆನಪಿಡಿ: ಅವತ್ತು ಬಾಯಿಬಿಟ್ಟು ಹೇಳಿದ್ದಕ್ಕೆ ಮಾತ್ರ ಅಂಕ. "ಅರ್ಜಿಯಲ್ಲಿ ಬರೆದಿದ್ದೇನಲ್ಲ" ಎಂದು ಬಿಟ್ಟರೆ ಆ ಅಂಕ ಹೋಯಿತು. ನಮ್ಮವರು ಸೋಲುವುದು ಬಹುಪಾಲು ಇಲ್ಲೇ, ಇಂಗ್ಲಿಷಿನಲ್ಲಿ ಅಲ್ಲ. ತಾನು ಮಾಡಿದ್ದನ್ನು ತಾನೇ ಹೇಳಿಕೊಳ್ಳಲು ಸಂಕೋಚ. "ನಮ್ಮ ಟೀಮ್ ಮಾಡಿತು" ಎಂದರೆ ನೀವು ಏನು ಮಾಡಿದಿರಿ ಎಂದು ಅವರು ಬರೆದುಕೊಳ್ಳುವುದಾದರೂ ಹೇಗೆ?

ಒಂದು ಉದಾಹರಣೆ ನೋಡೋಣ. "ಒಂದೇ ಸಲ ಹಲವು ಕೆಲಸ ಬಂದಾಗ ಏನು ಮಾಡುತ್ತೀರಿ?" ಇದು ಖಂಡಿತ ಬರುವ ಪ್ರಶ್ನೆ. "ನಾನು ತುಂಬಾ ಹಾರ್ಡ್ ವರ್ಕಿಂಗ್, ಪ್ರೆಶರ್ ಇದ್ದರೂ ಮಾಡುತ್ತೇನೆ" ಎಂಬ ಉತ್ತರಕ್ಕೆ ಅಂಕ ಬೀಳುವುದಿಲ್ಲ. ಅದರ ಬದಲು ಹೀಗೆ ಹೇಳಿ: "ನಾನು ಕಾಲೇಜಿನ ಆಫೀಸಿನಲ್ಲಿದ್ದೆ. ಅಡ್ಮಿಶನ್ ಸಮಯ. ಕೌಂಟರ್ ಮುಂದೆ ಪೋಷಕರ ಸಾಲು. ಯೂನಿವರ್ಸಿಟಿಗೆ ಅವತ್ತು ಸಂಜೆಯೊಳಗೆ ಪಟ್ಟಿ ಹೋಗಬೇಕಿತ್ತು. ನಾನು ಪೋಷಕರಿಗೆ ಟೋಕನ್ ಕೊಟ್ಟೆ. ದಾಖಲೆ ಕಮ್ಮಿ ಇದ್ದವರಿಗೆ ಏನೇನು ತರಬೇಕೆಂದು ಚೀಟಿ ಬರೆದುಕೊಟ್ಟೆ. ಮಧ್ಯಾಹ್ನ ಕೌಂಟರ್‌ಗೆ ಇನ್ನೊಬ್ಬರನ್ನು ಕೂರಿಸುವಂತೆ ಸೂಪರಿಂಟೆಂಡೆಂಟ್ ಹತ್ತಿರ ಕೇಳಿ, ಪಟ್ಟಿ ಮುಗಿಸಿದೆ. ಆ ಚೀಟಿಯನ್ನೇ ಮುಂದಿನ ವರ್ಷ ಅಚ್ಚು ಹಾಕಿಸಿದರು."

ಇದನ್ನೇ ಇಲ್ಲಿ 'ಸ್ಟಾರ್' ವಿಧಾನ ಎನ್ನುತ್ತಾರೆ. ಸನ್ನಿವೇಶ ಏನು, ನಿಮ್ಮ ಹೊಣೆ ಏನು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. ಸನ್ನಿವೇಶ ಎರಡು ಸಾಲಿಗೆ ಮುಗಿಯಲಿ. ಪಿಯುಸಿ ಅಂದರೇನು, ಸಿಇಟಿ ಅಂದರೇನು ಎಂದು ವಿವರಿಸುತ್ತ ಕೂತರೆ ಸಮಯ ಅಲ್ಲೇ ಮುಗಿದುಹೋಗುತ್ತದೆ.

ಆಸ್ಪತ್ರೆ ಕೆಲಸವಾದರೆ ಗೌಪ್ಯತೆಯ ಪ್ರಶ್ನೆ ತಪ್ಪುವುದಿಲ್ಲ. ಯಾರೋ ಫೋನ್ ಮಾಡಿ, "ನಾನು ಅವರ ಹೆಂಡತಿ, ಅವರ ಅಪಾಯಿಂಟ್‌ಮೆಂಟ್ ಯಾವತ್ತು?" ಎನ್ನುತ್ತಾರೆ. ನಮ್ಮ ಸ್ವಭಾವಕ್ಕೆ ಹೇಳಿಬಿಡುವುದೇ ಸಹಜ, ಅಲ್ವಾ? ಹೇಳಬಾರದು. ರೋಗಿಯ ಒಪ್ಪಿಗೆ ದಾಖಲಾಗಿದೆಯೇ ಎಂದು ಮೊದಲು ನೋಡುತ್ತೇನೆ, ಇಲ್ಲದಿದ್ದರೆ ರೋಗಿಯೇ ಕರೆ ಮಾಡಲಿ ಎಂದು ವಿನಯದಿಂದ ತಿಳಿಸುತ್ತೇನೆ, ಅನುಮಾನ ಬಂದರೆ ಮ್ಯಾನೇಜರ್ ಹತ್ತಿರ ಕೇಳುತ್ತೇನೆ ಎನ್ನಿ. ಪರಿಚಯದವರ ಹೆಸರು ಕಂಪ್ಯೂಟರಿನಲ್ಲಿ ಕಂಡರೆ ಸುಮ್ನೆ ಕುತೂಹಲಕ್ಕೂ ತೆರೆಯುವಂತಿಲ್ಲ. ಈ ಮಾತು ಸಂಘದ ಉಳಿದವರಿಗೂ: ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮವರ ಹತ್ತಿರ "ಸ್ವಲ್ಪ ನೋಡಿ ಹೇಳ್ರೀ" ಎಂದು ಕೇಳಬೇಡಿ. ಅವರ ಕೆಲಸಕ್ಕೇ ಕುತ್ತು ಬರುತ್ತದೆ.

ಸಮಾನತೆ ಮತ್ತು ಸಂಸ್ಥೆಯ ಮೌಲ್ಯಗಳ ಬಗ್ಗೆ ಒಂದೊಂದು ಪ್ರಶ್ನೆ ಇರಬಹುದು. ಮೌಲ್ಯಗಳು ಅವರ ವೆಬ್‌ಸೈಟಿನಲ್ಲೇ ಸಿಗುತ್ತವೆ. ಕೆಲವು ಕಡೆ ಎಕ್ಸೆಲ್, ವರ್ಡ್ ಅಥವಾ ಟೈಪಿಂಗ್ ಪರೀಕ್ಷೆಯೂ ಇರುತ್ತದೆ. ಇದೆಯಾ ಎಂದು ಮೊದಲೇ ಇಮೇಲ್‌ನಲ್ಲಿ ಕೇಳಿ, ತಪ್ಪೇನಿಲ್ಲ.

ಆ ದಿನ

ದೊಡ್ಡ ಆಸ್ಪತ್ರೆಗಳಲ್ಲಿ ಪಾರ್ಕಿಂಗ್ ಸಿಗುವುದೇ ಒಂದು ಸಾಹಸ. ಸಾಧ್ಯವಾದರೆ ಬಸ್ಸಿನಲ್ಲಿ ಹೋಗಿ. ಪಾಸ್‌ಪೋರ್ಟ್, ವಿಳಾಸದ ಪುರಾವೆ, ಮೂಲ ಸರ್ಟಿಫಿಕೇಟ್‌ಗಳು, ಶೇರ್ ಕೋಡ್ ಜೊತೆಗಿರಲಿ. ಶೇರ್ ಕೋಡ್ ಎಂದರೆ ನಿಮಗೆ ಕೆಲಸ ಮಾಡುವ ಹಕ್ಕಿದೆ ಎಂದು ಕೆಲಸ ಕೊಡುವವರು ಆನ್‌ಲೈನ್‌ನಲ್ಲಿ ನೋಡಿಕೊಳ್ಳುವ ಕೋಡ್; ಅದು 90 ದಿನ ನಡೆಯುತ್ತದೆ, ಸರ್ಕಾರದ ವೆಬ್‌ಸೈಟಿನಲ್ಲಿ ಬೇಕೆಂದಾಗ ಹೊಸದು ಪಡೆಯಬಹುದು.

ಪ್ಯಾನೆಲ್‌ನವರು ಹೆಸರು ಹೇಳಿ ಪರಿಚಯ ಮಾಡಿಕೊಂಡರೆ ಹೆಸರಿನಿಂದಲೇ ಮಾತಾಡಿಸಿ, ಸರ್, ಮೇಡಂ ಬೇಕಿಲ್ಲ. ಉಚ್ಚಾರಣೆ ಬದಲಿಸಿಕೊಳ್ಳುವ ಕಸರತ್ತೂ ಬೇಡ, ನಿಧಾನವಾಗಿ ಮಾತಾಡಿದರೆ ಸಾಕು. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ.

ಮಕ್ಕಳನ್ನು ನೋಡಿಕೊಳ್ಳಲು ನಾಲ್ಕೈದು ವರ್ಷ ಕೆಲಸ ಬಿಟ್ಟಿದ್ದರೆ ಒಂದು ವಾಕ್ಯದಲ್ಲಿ ಹಾಗೇ ಹೇಳಿ ಮುಂದೆ ಹೋಗಿ. ಕ್ಷಮೆ ಕೇಳುವ ಧ್ವನಿ ಬೇಡ. ಮದುವೆ, ಬಸಿರು, ಮಕ್ಕಳ ಯೋಚನೆ ಅವರು ಕೇಳುವ ವಿಷಯಗಳಲ್ಲ. 2010ರ ಸಮಾನತೆ ಕಾಯ್ದೆ ಈ ಕಾರಣಕ್ಕೆ ಭೇದ ಮಾಡುವುದನ್ನು ತಡೆಯುತ್ತದೆ. ನೀವೂ ಸಿವಿಯಲ್ಲಿ ಫೋಟೋ, ಹುಟ್ಟಿದ ದಿನ, ತಂದೆಯ ಹೆಸರು ಹಾಕಬೇಡಿ.

ಆಮೇಲೆ

ಆಯ್ಕೆ ಆಗದಿದ್ದರೆ ಫೀಡ್‌ಬ್ಯಾಕ್ ಕೇಳಿ. ಯಾವ ಪ್ರಶ್ನೆಗೆ ಅಂಕ ಕಮ್ಮಿ ಬಂತು ಎಂದು ಹೇಳುವವರು ಇದ್ದಾರೆ, ಮುಂದಿನ ಇಂಟರ್‌ವ್ಯೂಗೆ ಅದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಆಯ್ಕೆ ಆದರೂ ಮೊದಲು ಬರುವುದು ಷರತ್ತಿನ ಆಫರ್. ಎನ್‌ಎಚ್‌ಎಸ್‌ನಲ್ಲಿ ಹಿಂದಿನ ಮೂರು ವರ್ಷದ ರೆಫರೆನ್ಸ್ ಕೇಳುತ್ತಾರೆ. ಊರಿನ ಹಳೆಯ ಮ್ಯಾನೇಜರ್‌ಗೆ ಮೊದಲೇ ಫೋನ್ ಮಾಡಿ, ಆಫೀಸಿನ ಇಮೇಲ್ ವಿಳಾಸ ಪಡೆದಿಟ್ಟುಕೊಳ್ಳಿ, ಜಿಮೇಲ್ ಆದರೆ ತಕರಾರು ಬರಬಹುದು. ಮನೆಯಲ್ಲೇ ಇದ್ದ ವರ್ಷಗಳಿದ್ದರೆ ಚಾರಿಟಿ ಅಂಗಡಿಯಲ್ಲೋ ಲೈಬ್ರರಿಯಲ್ಲೋ ವಾಲಂಟಿಯರ್ ಆಗಿ, ಅಲ್ಲಿಯವರ ರೆಫರೆನ್ಸ್ ಕೂಡ ಉಪಯೋಗಕ್ಕೆ ಬರುತ್ತದೆ. ಹುದ್ದೆ ನೋಡಿ ಡಿಬಿಎಸ್ ತಪಾಸಣೆ (ಇಲ್ಲಿ ಅಪರಾಧ ದಾಖಲೆ ಇದೆಯೇ ಎಂದು ನೋಡುವುದು), ಕೆಲವೊಮ್ಮೆ ಭಾರತದ ಪೊಲೀಸ್ ಕ್ಲಿಯರೆನ್ಸ್ ಕೂಡ ಬೇಕಾಗುತ್ತದೆ. ಇದೆಲ್ಲ ಮುಗಿಯಲು ವಾರಗಟ್ಟಲೆ ಹಿಡಿಯುತ್ತದೆ. ಈಗ ಅಂಗಡಿಯಲ್ಲೋ ಗೋದಾಮಿನಲ್ಲೋ ಕೆಲಸ ಮಾಡುತ್ತಿದ್ದರೆ, ಷರತ್ತಿಲ್ಲದ ಆಫರ್ ಪತ್ರವೂ ಸೇರುವ ದಿನಾಂಕವೂ ಕೈಗೆ ಬರುವ ತನಕ ಆ ಕೆಲಸ ಬಿಡಬೇಡಿ.