ಕೇಬಲ್ ಇಲ್ಲದೆ ಮೂರು ಇನ್ವರ್ಟರ್ 50 ಹರ್ಟ್ಜ್‌ನಲ್ಲಿ: ನನ್ನ ಅನುಭವ

ಹಲವು ಇನ್ವರ್ಟರ್ ಒಟ್ಟಿಗೆ ಓಡಿಸುವಾಗ ಲೋಡಿಗೆ ಫ್ರೀಕ್ವೆನ್ಸಿ ಇಳಿಯುತ್ತದೆ; ಅವುಗಳ ನಡುವೆ ಕಮ್ಯುನಿಕೇಶನ್ ಕೇಬಲ್ ಎಳೆಯದೆ ಅದನ್ನು ಮತ್ತೆ 50ಕ್ಕೆ ತರುವುದು ಆಗದ ಮಾತು ಅಂದವರೇ ಹೆಚ್ಚು. ಈಗ 5, 5, 3 ಕೆವಿಎ ಇನ್ವರ್ಟರ್ ಮೂರೂ ಒಂದೇ ಲೈನಿಗೆ ಸೇರಿ ಓಡುತ್ತಿವೆ, ಒಂದರ ಸುದ್ದಿ ಇನ್ನೊಂದಕ್ಕಿಲ್ಲ. ಫುಲ್ ಲೋಡಿನಲ್ಲೂ 49.95ರ ಕೆಳಗೆ ಇಳಿಯುವುದಿಲ್ಲ.

ಡ್ರೂಪ್ ಅಂದರೆ ಹೊರೆ ಏರಿದಷ್ಟೂ ಇನ್ವರ್ಟರ್ ತನ್ನ ಫ್ರೀಕ್ವೆನ್ಸಿ ಇಳಿಸುವುದು; ಹೊರೆ ಹಂಚಿಕೆಯಾಗುವುದು ಇದರಿಂದಲೇ. ಇಲ್ಲಿ 1 ಪರ್ಸೆಂಟ್, ಅಂದರೆ ಫುಲ್ ಲೋಡಿಗೆ ಅರ್ಧ ಹರ್ಟ್ಜ್ ಇಳಿತ. ಅಳೆದ ಪವರನ್ನು ಸೋಸುವ ಫಿಲ್ಟರ್ 2 ಹರ್ಟ್ಜ್. 20 ಇಟ್ಟಾಗ ಸಿಂಗಲ್ ಫೇಸಿನ 100 ಹರ್ಟ್ಜ್ ರಿಪಲ್ ನೇರ ಫ್ರೀಕ್ವೆನ್ಸಿಗೇ ನುಗ್ಗಿತು. ಅರ್ಧ ಹರ್ಟ್ಜ್‌ಗೆ ಇಳಿಸಿದರೆ ಲೋಡ್ ಬಿದ್ದಾಗಲೆಲ್ಲ ತೂಗುಯ್ಯಾಲೆ. ಪವರ್ ಕೇಬಲಿನಲ್ಲಿ ರೆಸಿಸ್ಟೆನ್ಸೇ ಜಾಸ್ತಿ, ಈ ಡ್ರೂಪಿಗೆ ಬೇಕಾದದ್ದು ಇಂಡಕ್ಟೆನ್ಸ್; ಹಾಗಾಗಿ ಕೋಡಿನಲ್ಲೇ 2 ಮಿಲಿಹೆನ್ರಿಯಷ್ಟು ವರ್ಚುವಲ್ ಇಂಡಕ್ಟೆನ್ಸ್ (ಕಾಯಿಲ್ ಇದ್ದ ಹಾಗೆ ನಟಿಸುವ ಲೆಕ್ಕ) ಸೇರಿಸಬೇಕಾಯಿತು.

ಕೈ ಸುಟ್ಟಿದ್ದು ಇಂಟಿಗ್ರೇಟರಿನಲ್ಲಿ, ಅಂದರೆ 50ಕ್ಕೆ ಬೀಳುವ ಕೊರತೆಯನ್ನು ಕೂಡಿಸುತ್ತಾ ಹೋಗಿ ಸರಿಪಡಿಸುವ ಲೆಕ್ಕದಲ್ಲಿ. ಡ್ರೂಪಿನ ಇಳಿತ ತುಂಬಲು ಪ್ರತಿ ಮೆಷಿನ್ನಿಗೂ ಒಂದೊಂದು ಹಾಕಿದೆ, ಗೇನ್ 0.2. ಎರಡು ಮೆಷಿನ್ನುಗಳ ಗಡಿಯಾರ ನಡೆಸುವ ಕ್ರಿಸ್ಟಲ್‌ಗಳ ನಡುವೆ 40 ಪಿಪಿಎಂ (ಹತ್ತು ಲಕ್ಷಕ್ಕೆ ನಲವತ್ತು ಪಾಲು) ವ್ಯತ್ಯಾಸ, ಅಂದರೆ 50ರಲ್ಲಿ 0.002 ಹರ್ಟ್ಜ್. ಲೆಕ್ಕಕ್ಕೇ ಇಲ್ಲ ಅನಿಸುತ್ತದೆ. ಆದರೆ ಎರಡೂ ತಮ್ಮ ಗಡಿಯಾರವೇ ಸರಿ ಅಂದುಕೊಂಡು ಇಂಟಿಗ್ರೇಟ್ ಮಾಡುತ್ತಲೇ ಹೋಗುತ್ತವೆ. 2 ಕಿಲೋವ್ಯಾಟ್ ಲೋಡಿನಲ್ಲಿ ಎಂಟು-ಹತ್ತು ನಿಮಿಷಕ್ಕೆ ಒಂದು ಪೂರ್ತಿ ಹೊರೆ ಹೊತ್ತು, ಇನ್ನೊಂದಕ್ಕೆ ಪವರ್ ತಿರುಗಿ ನುಗ್ಗಿತು. ಒಳಗಿನ ಡಿಸಿ ಬಸ್ಸಿಗೆ (ಇನ್ವರ್ಟರಿಗೆ ಡಿಸಿ ಒದಗಿಸುವ ಲೈನ್) ಬಂದ ಆ ಪವರ್ ಅಲ್ಲಿಂದ ಆಚೆ ಹೋಗಲು ದಾರಿಯಿಲ್ಲ. ವೋಲ್ಟೇಜ್ ಏರಿತು, ಟ್ರಿಪ್ ತಡವಾಯಿತು, ಕರೆಂಟ್ ಸ್ವಿಚ್ ಮಾಡುವ ಐಜಿಬಿಟಿ ಮಾಡ್ಯೂಲ್ ಎರಡು ಢಮಾರ್. ಆ ದುಡ್ಡಿನಲ್ಲಿ ಬೇಡವೆಂದ ಕೇಬಲನ್ನೇ ನಾಲ್ಕು ಸಲ ಎಳೆಯಬಹುದಿತ್ತು. ಆಮೇಲೆ 2 ಪಿಪಿಎಂನ ದುಬಾರಿ ಕ್ರಿಸ್ಟಲ್ ಹಾಕಿ ನೋಡಿದ್ದೂ ದಂಡ. ಹತ್ತು ನಿಮಿಷದ ಜಗಳ ಎರಡು ಗಂಟೆಗೆ ಮುಂದೆ ಹೋಯಿತು, ಅಷ್ಟೇ.

ಪರಿಹಾರ ಸೋರುವ ಇಂಟಿಗ್ರೇಟರ್, ಅಂದರೆ ಕೂಡಿಟ್ಟದ್ದನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾ ಹೋಗುವಂಥದ್ದು. ಸೆಕೆಂಡಿಗೆ 0.02ರಷ್ಟು ಸೋರಿಕೆ. ಗೇನ್‌ಗೂ ಸೋರಿಕೆಗೂ ಹತ್ತರ ಅನುಪಾತ, ಹಾಗಾಗಿ ಅರ್ಧ ಹರ್ಟ್ಜ್ ಇಳಿತ ಹನ್ನೊಂದನೇ ಒಂದು ಭಾಗಕ್ಕೆ, 0.045ಕ್ಕೆ ಬರುತ್ತದೆ. ಅದೇ 40 ಪಿಪಿಎಂ ಈಗ ಹಂಚಿಕೆಯಲ್ಲಿ 220 ವ್ಯಾಟ್ ಆಸುಪಾಸಿನ ವ್ಯತ್ಯಾಸ ತಂದು ಅಲ್ಲಿಗೇ ನಿಲ್ಲುತ್ತದೆ. ಪಕ್ಕಾ 50 ಬೇಕೆಂದು ಹಟ ಹಿಡಿಯುವವರಿಗೆ ಇದು ಆಗಿಬರುವುದಿಲ್ಲ.

ಇದೂ ಮೊದಲ ಸಲ ಕೈಕೊಟ್ಟಿತು. ಕೋಡಿನಲ್ಲಿ ಸೋರಿಕೆ ಇದೆ, ಮೆಷಿನ್ನುಗಳು ಮಾತ್ರ ಹಳೆಯ ಹಾಗೆಯೇ ಕಿತ್ತಾಡುತ್ತಿವೆ. ಕಾರಣ: 100 ಮೈಕ್ರೋಸೆಕೆಂಡಿಗೊಮ್ಮೆ ಓಡುವ ಲೂಪಿನಲ್ಲಿ ಪ್ರತಿ ಸುತ್ತಿನ ಸೋರಿಕೆಯ ಗುಣಕ 0.000002. ಫಿಕ್ಸೆಡ್ ಪಾಯಿಂಟಿನ (ದಶಾಂಶದ ಜಾಗ ಬದಲಾಗದ ಲೆಕ್ಕದ) 16 ಬಿಟ್ಟಿನಲ್ಲಿ ಅದು ಸೊನ್ನೆಯೇ! ಇಂಟಿಗ್ರೇಟರನ್ನು 20 ಮಿಲಿಸೆಕೆಂಡಿನ ಲೂಪಿಗೆ ಎತ್ತಿಹಾಕಿ, ವೇರಿಯಬಲ್ 32 ಬಿಟ್ ಮಾಡಿದ ಮೇಲೆ ದಾರಿಗೆ ಬಂತು.

3 ಕೆವಿಎಯಲ್ಲಿ ಗೇನ್‌ಗೂ ಸೋರಿಕೆಗೂ ಇರುವ ಅನುಪಾತ ಹತ್ತರ ಬದಲು 6 ಇಟ್ಟು ನೋಡಿದೆ, ಚಿಕ್ಕದಕ್ಕೆ ಹೊರೆ ಕಡಿಮೆಯಾಗಲಿ ಅಂತ. ತನ್ನ ಪಾಲಿನ ಮೂರರಲ್ಲಿ ಎರಡು ಭಾಗವೂ ಹೊರಲಿಲ್ಲ. ಅನುಪಾತ ಮೂರಕ್ಕೂ ಒಂದೇ ಇರಲಿ, ಹೊರೆ ಹಂಚುವ ಕೆಲಸ ಡ್ರೂಪಿನದು.

ಓಡುತ್ತಿರುವ ಲೈನಿಗೆ ಹೊಸ ಮೆಷಿನ್ ಸೇರಿಸುವಾಗ ಇಂಟಿಗ್ರೇಟರ್ ಸೊನ್ನೆಯಿಂದ ಶುರುವಾದರೆ 50 ಸೆಕೆಂಡಿಗೂ ಹೆಚ್ಚು ಹೊತ್ತು ಹಂಚಿಕೆ ಓರೆಯಾಗಿರುತ್ತದೆ. ಸೇರಿಸುವ ಮುನ್ನ ಲೈನಿನ ಫ್ರೀಕ್ವೆನ್ಸಿ ಅಳೆದು ಇಂಟಿಗ್ರೇಟರಿಗೆ ಆರಂಭದ ಒಂದು ಸಂಖ್ಯೆ ತುಂಬಿಡುತ್ತೇನೆ. ಫ್ರೀಕ್ವೆನ್ಸಿಯನ್ನು ಎಷ್ಟು ಹೊತ್ತು ಅಳೆಯುವುದು, ಹೇಗೆ ಸೋಸುವುದು ಅನ್ನುವುದು ಸದ್ಯಕ್ಕೆ ನನ್ನ ಬಳಿಯೇ ಇರಲಿ.