ಎರಡು ದಿನದ ಹಳ್ಳಿವಾಸಕ್ಕೆ ಸಜ್ಜಾಗುವುದು ಹೇಗೆ?

ಹಳ್ಳಿ ರೆಸಾರ್ಟ್ ಅಲ್ಲ. ನೀವು ಅಡ್ಡಾಡಲು ಹೋಗುವ ಹೊಲ ಇನ್ನೊಬ್ಬರು ದುಡಿಯುವ ಜಾಗ. ಅಲ್ಲಿನ ಕೆಲಸಕ್ಕೆ ಶನಿವಾರ, ಭಾನುವಾರದ ರಜೆಯಿಲ್ಲ. ಇಷ್ಟು ಗೊತ್ತಿದ್ದರೆ ಮಿಕ್ಕ ತಯಾರಿ ಸಲೀಸು.

ಮೊದಲು ದಿನ ಗೊತ್ತುಮಾಡಿ. ಬಿತ್ತನೆ, ಕೊಯ್ಲಿನ ಭರಾಟೆಯಲ್ಲಿ ಮನೆಯವರಿಗೆ ಕೂರಲೂ ಪುರುಸೊತ್ತಿರುವುದಿಲ್ಲ, ಹಾಗಾಗಿ ಫೋನ್ ಮಾಡಿ ಕೇಳಿಯೇ ಹೊರಡಿ. ಆಯ್ಕೆಯಿದ್ದರೆ ಅಮಾವಾಸ್ಯೆಗೆ ಹತ್ತಿರದ ವಾರಾಂತ್ಯ ಇರಲಿ. ಯಾಕೆಂದು ಆಮೇಲೆ ಹೇಳುತ್ತೇನೆ.

ಆ ಕಡೆಯ ನಕ್ಷೆಯನ್ನು ಮುಂಚೆಯೇ ಫೋನಿಗೆ ಇಳಿಸಿಕೊಳ್ಳಿ. ಜಿಪಿಎಸ್‌ಗೆ ಸಂಕೇತ ಬರುವುದು ಉಪಗ್ರಹದಿಂದ, ಮೊಬೈಲ್ ಟವರ್ ಇಲ್ಲದ ಕಡೆಯೂ ಅದು ನಡೆಯುತ್ತದೆ. ಕೈಕೊಡುವುದು ನಕ್ಷೆ ಮಾತ್ರ. ಟಾರ್ಚ್, ತುಂಬುತೋಳಿನ ಅಂಗಿ, ಹಳೆಯ ಶೂ, ದಿನನಿತ್ಯದ ಮಾತ್ರೆ, ಒಂದಿಷ್ಟು ನಗದು ಸಾಕು.

ಕಾರನ್ನು ಹೊಲದ ದಾರಿಯ ಬಾಯಲ್ಲಿ ನಿಲ್ಲಿಸಬೇಡಿ. ಖಾಲಿ ಬಿದ್ದಂತೆ ಕಾಣುವ ಜಾಗ ಟ್ರ್ಯಾಕ್ಟರ್ ತಿರುಗಿಸುವ ಜಾಗವಾಗಿರಬಹುದು.

ಹೊಲದಲ್ಲಿ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆಯಿರಿ. ಹುಲ್ಲೆಂದು ತುಳಿದದ್ದು ಎಳೆ ಪೈರಾಗಿರುತ್ತದೆ. ಗೇಟು ಹೇಗಿತ್ತೋ ಹಾಗೇ ಬಿಡಿ. ಮುಚ್ಚಿದ್ದನ್ನು ಮತ್ತೆ ಮುಚ್ಚಬೇಕೆಂಬುದು ಎಲ್ಲರಿಗೂ ಹೊಳೆಯುತ್ತದೆ. ಆದರೆ ‘ಪಾಪ, ಯಾರೋ ಮರೆತಿದ್ದಾರೆ’ ಎಂದು ತೆರೆದ ಗೇಟನ್ನು ಮುಚ್ಚಿ ಬರುವ ಉಪಕಾರಿಗಳೂ ಇದ್ದಾರೆ. ದನಗಳು ನೀರಿಗೆ ಹೋಗುವ ದಾರಿಯೇ ಅದಾಗಿದ್ದರೆ ಮುಗಿಯಿತು. ಹಸುವಿಗೂ ಅದರ ಕರುವಿಗೂ ನಡುವೆ ನುಗ್ಗಬೇಡಿ, ಸೆಲ್ಫಿಗಂತೂ ಬೇಡವೇ ಬೇಡ. ನಾಯಿ ಬೊಗಳಿದರೆ ಓಡಬೇಡಿ. ಕಂಡ ಕಾಯಿ ಕಿತ್ತು ಬಾಯಿಗೆ ಹಾಕಿಕೊಳ್ಳುವ ಮುನ್ನ ಕೇಳಿ: ಅದಕ್ಕೆ ಔಷಧಿ ಹೊಡೆದದ್ದು ಯಾವತ್ತೋ ಏನೋ.

ಬಯಲಲ್ಲಿದ್ದಾಗ ಮಿಂಚಿದರೆ ಸೆಕೆಂಡು ಎಣಿಸಿ. ಸದ್ದು 1 ಕಿ.ಮೀ. ಸಾಗಲು ಸುಮಾರು 3 ಸೆಕೆಂಡು ಬೇಕು. 30 ಎಣಿಸುವಷ್ಟರಲ್ಲಿ ಗುಡುಗು ಕೇಳಿಸಿತೆಂದರೆ ಸಿಡಿಲು 10 ಕಿ.ಮೀ. ಒಳಗೇ ಇದೆ. ಮರದಡಿ ನಿಲ್ಲದೆ ಗಟ್ಟಿ ಕಟ್ಟಡಕ್ಕೋ ಗಾಜು ಏರಿಸಿದ ಕಾರಿಗೋ ಸೇರಿಕೊಳ್ಳಿ; ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗದಿಂದ ಬಿಗಿಯುವುದು ಯಾವುದೂ ಬೇಡ. ಕೈಯೋ ಕಾಲೋ ಅಲುಗದಂತೆ ಇಟ್ಟು ಸೀದಾ ಆಸ್ಪತ್ರೆಗೆ ಒಯ್ಯಿರಿ.

ಇನ್ನು ಅಮಾವಾಸ್ಯೆಯ ವಿಷಯ. ಊಟವಾದ ಮೇಲೆ ದೀಪ ಆರಿಸಿ ಹೊರಗೆ ಕೂತುಕೊಳ್ಳಿ. ಕಣ್ಣು ಕತ್ತಲಿಗೆ ಚೆನ್ನಾಗಿ ಹೊಂದಿಕೊಳ್ಳಲು 20–30 ನಿಮಿಷ ಹಿಡಿಯುತ್ತದೆ. ನಡುವೆ ಒಮ್ಮೆ ಮೊಬೈಲ್ ಬೆಳಗಿಸಿದಿರೋ, ಕಾದದ್ದು ದಂಡ. ಮಂಕು ನಕ್ಷತ್ರವನ್ನು ನೆಟ್ಟಗೆ ದಿಟ್ಟಿಸಿದರೆ ಮಾಯವಾಗುತ್ತದೆ, ಕೊಂಚ ಪಕ್ಕಕ್ಕೆ ನೋಡಿದರೆ ಮತ್ತೆ ಕಾಣುತ್ತದೆ. ಮಬ್ಬಿನಲ್ಲಿ ನೋಡುವ ಜೀವಕೋಶಗಳು ಅಕ್ಷಿಪಟಲದ ನಟ್ಟನಡುವೆ ಇಲ್ಲದಿರುವುದೇ ಇದಕ್ಕೆ ಕಾರಣ. ಋತು ಕೂಡಿಬಂದು ಮೋಡವಿಲ್ಲದಿದ್ದರೆ ಆಕಾಶಗಂಗೆಯೂ ಕಂಡೀತು. ಇಡೀ ಪ್ರಯಾಣದಲ್ಲಿ ನಗರದೊಳಗೆ ದುಡ್ಡು ಕೊಟ್ಟರೂ ಸಿಗದ್ದು ಇದೊಂದೇ ಎನ್ನುತ್ತೇನೆ.

ಹೊರಡುವಾಗ ನಿಮ್ಮ ಕಸ ನಿಮ್ಮ ಚೀಲದಲ್ಲೇ ಬರಲಿ. ಮನೆ ತಲುಪಿದ ಮೇಲೆ ಮೊಣಕಾಲಿನ ಹಿಂದೆ, ಕಂಕುಳಲ್ಲಿ, ಕಿವಿಯ ಹಿಂದೆ ಉಣುಗು ಕಚ್ಚಿಕೊಂಡಿದೆಯೇ ನೋಡಿ. ಇದ್ದರೆ ಚಿಮುಟದಿಂದ ಚರ್ಮಕ್ಕೆ ಒತ್ತಿದಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿಯ ಪ್ರಯೋಗ ಬೇಡ. ಮುಂದಿನ ಕೆಲವು ವಾರಗಳಲ್ಲಿ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರೆಂದು ವೈದ್ಯರಿಗೆ ಹೇಳಿ.