ರೆಡಿಮೇಡ್ ಕಾಂಪೊನೆಂಟ್ ಬಳಸಿ, ಬಿಚ್ಚೋಕೆ ಹೋಗ್ಬೇಡಿ

ಶಿವಮೊಗ್ಗದ ಅಡಿಕೆ ಧಾರಣೆಯನ್ನು ಗ್ರಾಫ್ ಮಾಡಲು ಹೊರಟವರು ಎರಡು ಕಡೆ ಎಡವುವುದನ್ನು ನೋಡುತ್ತಲೇ ಇದ್ದೇನೆ. ಒಂದು, ಮಂಡಿಗೆ ರಜೆ ಇದ್ದ ದಿನಗಳು. ಇನ್ನೊಂದು, ರಜೆಯ ಸಮಸ್ಯೆಗೆ ಅಂತಲೇ ಬೇರೆಯವರು ಮಾಡಿಟ್ಟ ಕಾಂಪೊನೆಂಟನ್ನು ತಂದು, ತಂದ ದಿನವೇ ಬಿಚ್ಚಿ ಕೂರುವುದು. ಎರಡನೆಯದೇ ಜಾಸ್ತಿ ತೊಂದರೆ ಕೊಡುತ್ತದೆ.

ಈ ಗ್ರಾಫ್ ಮಾಡಲು ಬಳಸುವ ಟೂಲ್‌ನ ಹೆಸರು ನೈಮ್. ನೆಟ್‌ನಲ್ಲಿ ಹುಡುಕುವಾಗ ಕೆ-ಎನ್-ಐ-ಎಂ-ಇ ಎಂದು ಹೊಡೆಯಿರಿ. ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ, 2006ರಲ್ಲಿ ಹೊರಬಂದ ಓಪನ್ ಸೋರ್ಸ್ ತಂತ್ರಾಂಶ ಇದು. ಡೆಸ್ಕ್‌ಟಾಪ್ ಆವೃತ್ತಿ ಉಚಿತ. ಹಾಗಾಗಿ ಪೆನ್‌ಡ್ರೈವ್‌ನಲ್ಲಿ ಕ್ರ್ಯಾಕ್ ಮಾಡಿದ್ದು ತಂದುಕೊಡ್ತೀನಿ ಎನ್ನುವವರನ್ನು ಬಾಗಿಲಲ್ಲೇ ಕಳಿಸಿಬಿಡಿ. ಇದರಲ್ಲಿ ಕೋಡ್ ಬರೆಯುವ ಕೆಲಸವಿಲ್ಲ. ನೋಡ್ ಎಂಬ ಚೌಕಗಳನ್ನು ಎಳೆದು ತಂದು, ಗೆರೆ ಎಳೆದು ಜೋಡಿಸುತ್ತಾ ಹೋಗಬೇಕು. ಹೀಗೆ ಜೋಡಿಸಿದ ಇಡೀ ಸರಣಿಯೇ ವರ್ಕ್‌ಫ್ಲೋ. ಹಲವು ನೋಡ್‌ಗಳನ್ನು ಸೇರಿಸಿ ಒಂದೇ ಚೌಕವಾಗಿ ಕಟ್ಟಿದರೆ ಅದೇ ಕಾಂಪೊನೆಂಟ್. ನೈಮ್‌ನವರೇ ಪರೀಕ್ಷೆ ಮಾಡಿ, ದುರಸ್ತಿ ನೋಡಿಕೊಳ್ಳುವವುಗಳಿಗೆ ವೆರಿಫೈಡ್ ಕಾಂಪೊನೆಂಟ್ ಎನ್ನುತ್ತಾರೆ. ಇವು ನೈಮ್ ಹಬ್ ತಾಣದಲ್ಲಿ ಸಿಗುತ್ತವೆ.

ಹಂತ 1: ಇನ್‌ಸ್ಟಾಲ್ ಮಾಡಿ. 5ನೇ ಆವೃತ್ತಿಯ ಹೊತ್ತಿಗೆ ಪರದೆಯ ರೂಪವೇ ಬದಲಾಗಿದೆ, ಹಳೆಯ ವಿಡಿಯೊ ನೋಡಿ ಬಟನ್ ಹುಡುಕುತ್ತಾ ಕೂರಬೇಡಿ.

ಹಂತ 2: ಧಾರಣೆಯ ಫೈಲನ್ನು ಎಕ್ಸೆಲ್ ರೀಡರ್ ನೋಡ್‌ನಿಂದ ಓದಿಸಿ. ಸರಕು, ಬೆಟ್ಟೆ, ರಾಶಿ, ಗೊರಬಲು ಹೀಗೆ ಅಡಿಕೆಯ ಬಗೆಗಳೆಲ್ಲವೂ ಒಂದೇ ತಾರೀಖಿನಡಿ ಇರುತ್ತವೆ ಅಲ್ವಾ, ರೋ ಫಿಲ್ಟರ್ ಹಾಕಿ ರಾಶಿಯನ್ನಷ್ಟೇ ಉಳಿಸಿಕೊಳ್ಳಿ. ಒಂದು ದಿನಕ್ಕೆ ಒಂದೇ ಸಾಲು ಇರಬೇಕು. ತಾರೀಖು ಬರೀ ಅಕ್ಷರವಾಗಿ ಬಂದಿದ್ದರೆ ಅದನ್ನು ದಿನಾಂಕವಾಗಿ ಬದಲಾಯಿಸುವ ನೋಡ್ ಬೇಕು. ಅಲ್ಲಿ ತಿಂಗಳಿಗೆ ದೊಡ್ಡಕ್ಷರದ ಎಂಎಂ ಹೊಡೆಯಿರಿ. ಸಣ್ಣಕ್ಷರ ಹೊಡೆದರೆ ಟೂಲ್ ಅದನ್ನು ನಿಮಿಷ ಎಂದು ಓದುತ್ತದೆ.

ಹಂತ 3: ಹಬ್‌ನಲ್ಲಿ ‘ಟೈಮ್‌ಸ್ಟ್ಯಾಂಪ್ ಅಲೈನ್‌ಮೆಂಟ್’ ಹುಡುಕಿ. ರಜೆಯಿಂದ ಬಿಟ್ಟುಹೋದ ತಾರೀಖುಗಳಿಗೂ ಸಾಲು ಸೇರಿಸಿಕೊಡುವ ಕಾಂಪೊನೆಂಟ್ ಇದೇ. ಅದೇ ಹೆಸರಿನಲ್ಲಿ ಯಾರ್ಯಾರೋ ಹಾಕಿದ್ದೂ ಸಿಗಬಹುದು, ಹಾಕಿದವರ ಹೆಸರಿನ ಜಾಗದಲ್ಲಿ ನೈಮ್ ಎಂದೇ ಇರಬೇಕು. ಅದನ್ನು ಮೌಸ್‌ನಿಂದ ಹಿಡಿದು ನಿಮ್ಮ ವರ್ಕ್‌ಫ್ಲೋ ಮೇಲೆ ಎಳೆದು ಬಿಡಿ. ಎಕ್ಸ್‌ಟೆನ್ಶನ್, ಅಂದರೆ ಹೆಚ್ಚುವರಿ ನೋಡ್‌ಗಳ ಕಟ್ಟು, ಬೇಕು ಎಂದು ಕೇಳಿದರೆ ಒಪ್ಪಿಕೊಳ್ಳಿ. ಈ ಕೆಲಸವನ್ನು ಪೇಟೆಯಲ್ಲಿ ಇದ್ದಾಗಲೇ ಮುಗಿಸಿಕೊಳ್ಳಿ. ಆಗುಂಬೆ ಕಡೆ ಜುಲೈ ತಿಂಗಳ ನೆಟ್‌ವರ್ಕ್ ನಂಬಿ ಡೌನ್‌ಲೋಡಿಗೆ ಇಟ್ಟರೆ ಆ ದಿನ ಮುಗಿದ ಹಾಗೇ.

ಹಂತ 4, ಇಲ್ಲಿ ನಿಧಾನ. ಎಳೆದು ತಂದ ಕಾಂಪೊನೆಂಟಿನ ಮೂಲೆಯಲ್ಲಿ ಒಂದು ಪುಟ್ಟ ಲಿಂಕ್ ಗುರುತು ಇರುತ್ತದೆ. ಹಬ್‌ನಲ್ಲಿರುವ ಮೂಲದ ಜೊತೆ ಇದಕ್ಕೆ ಸಂಬಂಧ ಇದೆ ಎಂದರ್ಥ. ಒಳಗಿನ ಸಾಮಾನೆಲ್ಲ ನಿಮ್ಮ ವರ್ಕ್‌ಫ್ಲೋದಲ್ಲೇ ಇರುವುದರಿಂದ ನೆಟ್ ಇಲ್ಲದಿದ್ದರೂ ಓಡುತ್ತದೆ. ಹೊಸ ಆವೃತ್ತಿ ಬಂದಿದೆಯಾ ಎಂದು ನೋಡಲು ಮಾತ್ರ ನೆಟ್ ಬೇಕು.

ಕಂಟ್ರೋಲ್ ಒತ್ತಿ ಡಬಲ್ ಕ್ಲಿಕ್ ಮಾಡಿದರೆ ಒಳಗೆ ಹೋಗಬಹುದು. ಅಲ್ಲಿ ನೋಡಲು ಬಿಡುತ್ತದೆ, ತಿದ್ದಲು ಬಿಡುವುದಿಲ್ಲ. ಎಲ್ಲರಿಗೂ ಕೈ ತುರಿಸುವುದು ಇಲ್ಲೇ. ರೈಟ್ ಕ್ಲಿಕ್ ಮಾಡಿ ಲಿಂಕ್ ಕಡಿದುಬಿಡುತ್ತಾರೆ, ಒಳಗೆ ಏನೋ ಒಂದು ಬದಲಾಯಿಸುತ್ತಾರೆ. ಗ್ಯಾರಂಟಿ ಇರುವ ಮಿಕ್ಸಿಯನ್ನು ಮನೆಯಲ್ಲೇ ಬಿಚ್ಚಿದ ಹಾಗೆ ಇದು. ಆಮೇಲೆ ನೈಮ್‌ನವರು ಏನೇ ಸರಿಪಡಿಸಿದರೂ ನಿಮಗೆ ಬರುವುದಿಲ್ಲ. ಹಾಗೆ ಕಡಿದವರಲ್ಲಿ ಹೆಚ್ಚಿನವರಿಗೆ ನಿಜಕ್ಕೂ ಬೇಕಾಗಿದ್ದದ್ದು ಒಂದು ಸೆಟ್ಟಿಂಗ್ ಮಾತ್ರ. ಅದು ಹೊರಗೇ ಇರುತ್ತದೆ. ಸುಮ್ನೆ ಡಬಲ್ ಕ್ಲಿಕ್ ಮಾಡಿ, ದಿನಾಂಕದ ಕಾಲಂ ಆರಿಸಿ, ಅಳತೆಗೆ ‘ದಿನ’ ಎಂದು ಕೊಡಿ, ಮುಗಿಯಿತು. ಅದಕ್ಕಿಂತ ಜಾಸ್ತಿ ಬದಲಾವಣೆ ಬೇಕಿದ್ದರೆ ಕಾಂಪೊನೆಂಟಿನ ಮುಂದೆಯೋ ಹಿಂದೆಯೋ ನಿಮ್ಮದೇ ನೋಡ್ ಹಾಕಿಕೊಳ್ಳಿ. ಲಿಂಕ್ ಕಡಿಯಲೇಬೇಕು ಎಂದಾದರೆ ಕಾಂಪೊನೆಂಟಿಗೆ ಬೇರೆ ಹೆಸರು ಕೊಟ್ಟು ಕಡಿಯಿರಿ. ಇಲ್ಲದಿದ್ದರೆ ನಿಮ್ಮ ಜಾಗಕ್ಕೆ ಬಂದವರು ಅದನ್ನು ಅಸಲಿ ಎಂದೇ ನಂಬುತ್ತಾರೆ.

ಇನ್ನು ಅಪ್‌ಡೇಟ್ ವಿಷಯ. ಹೊಸದು ಬಂದಿದೆ ಎಂದು ಟೂಲ್ ಹೇಳಿದ ತಕ್ಷಣ ಒತ್ತಬೇಡಿ, ಅದರಲ್ಲೂ ಮಹಾಸಭೆಗೆ ವರದಿ ಕೊಡುವ ಹಿಂದಿನ ದಿನವಂತೂ ಬೇಡವೇ ಬೇಡ. ಅಪ್‌ಡೇಟ್ ಆಗಬೇಕಾದರೆ ಕಾಂಪೊನೆಂಟ್ ರಿಸೆಟ್ ಆಗಬೇಕು. ಓಡಿ ಮುಗಿದ ಹಸಿರು ದೀಪ ಹೋಗಿ ಹಳದಿ ಬರುತ್ತದೆ, ಅದರಿಂದ ಮುಂದಿನ ನೋಡ್‌ಗಳ ಫಲಿತಾಂಶವೂ ಹೋಗುತ್ತದೆ. ಮೊದಲು ಇಡೀ ವರ್ಕ್‌ಫ್ಲೋದ ಒಂದು ನಕಲು ಮಾಡಿ. ನಕಲಿನಲ್ಲಿ ಅಪ್‌ಡೇಟ್ ಒತ್ತಿ, ಓಡಿಸಿ. ಯಾವುದಾದರೂ ಒಂದು ತಿಂಗಳ ಅಂಕಿಯನ್ನು ಹಳೆಯದರ ಪಕ್ಕ ಇಟ್ಟು ನೋಡಿ. ತಾಳೆ ಆದರೆ ಹಳೆಯದನ್ನು ಬಿಡಿ. ವರ್ಷಗಟ್ಟಲೆ ಅಪ್‌ಡೇಟ್ ಬೇಡ ಅನ್ನುತ್ತಾ ಹೋಗುವುದೂ ಸರಿಯಲ್ಲ. ಹಾಗೆ ಮಾಡುವವರು ಲಿಂಕ್ ಇಟ್ಟುಕೊಂಡು ಏನು ಉಪಯೋಗ?

ಹಂತ 5: ಈಗ ಭಾನುವಾರಕ್ಕೂ ಹಬ್ಬಕ್ಕೂ ಸಾಲುಗಳು ಬಂದಿವೆ, ಧಾರಣೆಯ ಜಾಗ ಖಾಲಿ. ಅಲ್ಲಿ ಸೊನ್ನೆ ತುಂಬಬೇಡಿ, ಗ್ರಾಫ್ ವಾರಕ್ಕೊಮ್ಮೆ ಪಾತಾಳಕ್ಕೆ ಬೀಳುತ್ತದೆ. ಇಡೀ ಕಾಲಂನ ಸರಾಸರಿಯೂ ಬೇಡ, ಧಾರಣೆ ಏರಿದ ವರ್ಷದಲ್ಲಿ ಭಾನುವಾರವೆಲ್ಲ ಹಳ್ಳ ಬೀಳುತ್ತದೆ. ಮಿಸ್ಸಿಂಗ್ ವ್ಯಾಲ್ಯೂ ನೋಡ್‌ನಲ್ಲಿ ‘ಹಿಂದಿನ ಬೆಲೆ’ ಆರಿಸಿ. ಶನಿವಾರ ಮಂಡಿಯಲ್ಲಿ ಇದ್ದದ್ದೇ ಭಾನುವಾರದ ಬೆಲೆ.

ಹಂತ 6: ದಿನದಿನದ ಏರಿಳಿತ ತಗ್ಗಿಸಲು ಮೂವಿಂಗ್ ಆವರೇಜ್ ನೋಡ್, ಗ್ರಾಫ್ ಬಿಡಿಸಲು ಲೈನ್ ಪ್ಲಾಟ್ ನೋಡ್. ಅಷ್ಟೇ.

ಇಲ್ಲಿಗೆ ಬಂದವರಿಗೆ ಮುಂದಿನ ವಾರದ ಬೆಲೆ ಹೇಳುವ ಆಸೆ ಹುಟ್ಟುತ್ತದೆ. ಹಬ್‌ನಲ್ಲಿ ‘ಸಾರಿಮಾ’ ಎಂಬ ಮುನ್ನಂದಾಜಿನ ಕಾಂಪೊನೆಂಟ್‌ಗಳೂ ಇವೆ. ಅವುಗಳಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯೂ ಕಂಪ್ಯೂಟರಿನಲ್ಲಿ ಇರಬೇಕು. ಕಲಿಯಲು ಆಡಿ ನೋಡಿ, ಆದರೆ ಅದು ತೋರಿಸಿದ ಬೆಲೆ ನಂಬಿ ಮನೆಯ ಅಡಿಕೆ ಹಿಡಿದಿಟ್ಟುಕೊಳ್ಳಬೇಡಿ. ಕೊಳೆರೋಗ, ಆಮದು, ಸರ್ಕಾರದ ತೀರ್ಮಾನ ಯಾವುದೂ ಅದಕ್ಕೆ ಗೊತ್ತಿಲ್ಲ.

ಮಾಡಿದ್ದನ್ನು ಪಕ್ಕದ ಸೊಸೈಟಿಗೆ ಕೊಡುವುದಾದರೆ ಎಕ್ಸ್‌ಪೋರ್ಟ್ ಮಾಡುವ ಮುಂಚೆ ವರ್ಕ್‌ಫ್ಲೋವನ್ನು ರಿಸೆಟ್ ಮಾಡಿ. ಓಡಿಸಿ ಉಳಿಸಿದ ವರ್ಕ್‌ಫ್ಲೋ ಒಳಗೆ ಡೇಟಾ ಕೂಡ ಇರುತ್ತದೆ. ಸದಸ್ಯರ ಹೆಸರು, ತೂಕ, ಪಾವತಿ ಎಲ್ಲವೂ ಫೈಲಿನ ಜೊತೆ ಹೋಗಿಬಿಡುತ್ತದೆ.